ಖಂಡೇಪೂಜೆಗೆ ಕೂತ ಬ್ಯಾಟರಿ

1978ರ ಖಂಡೇನವಮಿಯ, ಅಂದರೆ ಆಯುಧಪೂಜೆಯ, ದಿನ ಮುಂಜಾನೆ, ಖಾನಾಪುರದಲ್ಲಿ ನನ್ನ ಅಕ್ಕನ ಗಂಡನ ಮನೆಯ ಪಡಸಾಲೆಯಲ್ಲಿ, ಪೂಜೆಗೆ ಇಟ್ಟಿದ್ದ ಜೀಪಿನ ಹೊಸ ಬ್ಯಾಟರಿ ಸಿಡಿಯಿತು. ಅದರೊಳಗಿನ ಆಸಿಡ್ ಅಕ್ಕನ ಎರಡೂ ಕಣ್ಣುಗಳಿಗೆ ಬಿತ್ತು. ಉಳಿದವರಿಗೆ ಹೇಳುವಂಥ ಗಾಯವಾಗಲಿಲ್ಲ.

ನಾನು ಆಗ ಬೆಳಗಾವಿಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆಯಾಗಿ ಬರೆಯುವುದನ್ನು ಅಲ್ಲಿ ಕಲಿತೆ. ಆ ಮುಂಜಾನೆ ನಾನು ಬ್ಯಾಟರಿಯಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಆದ್ದರಿಂದ ಇಲ್ಲಿರುವ ಬಹುಪಾಲು ಕಂಡದ್ದು.

ಅಕ್ಕನ ಗಂಡನನ್ನು ನಾವು ಮಾಮಾ ಎಂದು ಕರೆಯುತ್ತಿದ್ದೆವು. ಅವರದು ಖಾನಾಪುರದಲ್ಲಿ ಹಂಚಿನ ಕಾರ್ಖಾನೆ. ಜಾಂಬೋಟಿ, ಕಣಕುಂಬಿ ಕಡೆಯ ಊರುಗಳಲ್ಲಿ ಮನೆ ಕಟ್ಟುವವರನ್ನು ಹುಡುಕಿಕೊಂಡು ಹೋಗಿ ಹಂಚಿಗೆ ಆರ್ಡರ್ ತರುವುದು ಅವರ ಕೆಲಸ. ಅದಕ್ಕಾಗಿ ಬೆಳಗಾವಿಯಲ್ಲಿ ಮಿಲಿಟರಿಯವರು ಲಿಲಾವಿಗೆ ಹಾಕಿದ ಒಂದು ಪೆಟ್ರೋಲ್ ಜೀಪ್ ಕೊಂಡಿದ್ದರು. ಮೇಲೆ ಟಾರ್ಪಾಲಿನ ಹೊದಿಕೆ, ಹಿಂದೆ ಎದುರುಬದುರು ಹಲಗೆಯ ಸೀಟು. ಕಣಕುಂಬಿಯ ಮಳೆಯಲ್ಲಿ, ಕೆಸರಿನಲ್ಲಿ, ಬೇರೆ ಯಾವ ಗಾಡಿಯೂ ಹೋಗದ ಕಡೆ ಅದು ಹೋಗುತ್ತಿತ್ತು, ಬ್ಯಾಟರಿ ಸರಿ ಇದ್ದರೆ.

ಆ ವರ್ಷ ಬ್ಯಾಟರಿ ಸರಿ ಇರಲಿಲ್ಲ. ಆಷಾಢದಿಂದಲೇ ಕಾರ್ಖಾನೆಯ ಆಳುಗಳು ಮುಂಜಾನೆ ಮೊದಲು ಜೀಪ್ ನೂಕಿ ಆಮೇಲೆ ಮಣ್ಣು ತುಳಿಯುತ್ತಿದ್ದರು. ನೂಕುವವರು ಸಿಗದಿದ್ದರೆ ಡ್ರೈವರ್ ಕಾಕಾ ಮುಂದಿನ ಬಂಪರಿನ ತೂತಿನಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವುತ್ತಿದ್ದರು. ಅವರು ಮರಾಠಿ ಮನೆಮಾತಿನವರು, ನಡುವಯಸ್ಸಿನವರು, ಮಾಮಾನನ್ನು ಮಾಲಕ ಎನ್ನುತ್ತಿದ್ದರು. "ಮಾಲಕ, ಈ ಬ್ಯಾಟರಿ ಪೆನ್ಶನ್ ಕೇಳಾಕತ್ತೈತಿ, ಕೊಟ್ಟ ಬಿಡ್ರಿ," ಎಂದು ದಿನಾ ಹೇಳುತ್ತಿದ್ದರು.

ಅಕ್ಕನ ಬಗ್ಗೆ ಎರಡು ಮಾತು ಇಲ್ಲೇ ಹೇಳಬೇಕು. ಅವಳು ಆ ಮನೆಯಲ್ಲಿ ಪತ್ರಿಕೆ ಓದುವ ಒಬ್ಬಳೇ ವ್ಯಕ್ತಿ. ಮುಂಜಾನೆಯ ಬಸ್ಸಿಗೆ ನಮ್ಮ ಪತ್ರಿಕೆ ಖಾನಾಪುರ ಮುಟ್ಟುತ್ತಿತ್ತು. ಪೆನ್ಸಿಲ್ ಹಿಡಿದು ಕೂತು ಮೊದಲ ಪುಟದಿಂದ ಪೇಟೆಧಾರಣೆಯವರೆಗೆ ಓದಿ ತಪ್ಪಿಗೆಲ್ಲ ಗೆರೆ ಎಳೆಯುತ್ತಿದ್ದಳು. ನಾನು ಹೋದಾಗ ಅದನ್ನೆಲ್ಲ ಎದುರಿಗೆ ಹರಡಿ ಕೂಡುವಳು. "ತಮ್ಮಾ, ನಿಮ್ಮ ಪೇಪರ್‌ದಾಗ ಮೊನ್ನೆ ಮಲಪ್ರಭಾ ಪಶ್ಚಿಮಕ್ಕ ಹರದೈತಿ. ನಾ ಹೊರಗ ಹೋಗಿ ನೋಡಿ ಬಂದೀನಿ, ಇಲ್ಲಿ ಇನ್ನಾ ಪೂರ್ವಕ್ಕ ಹೊಂಟೈತಿ." ನಮ್ಮ ಕಚೇರಿಯ ಕರಡು ತಿದ್ದುವವರ ಕಣ್ಣಿಗಿಂತ ಅವಳ ಕಣ್ಣು ಚುರುಕಾಗಿತ್ತು. ಇದು ಅಕ್ಕನೆಂಬ ಅಭಿಮಾನದ ಮಾತಲ್ಲ, ಪುಟಗಳು ನನ್ನಲ್ಲಿವೆ.

ಜೀಪಿನ ಬ್ಯಾಟರಿಯ ನೀರು ನೋಡುವುದೂ ಅವಳದೇ ಕೆಲಸವಾಗಿತ್ತು. ಮಾಮಾ ಮರೆಯುತ್ತಿದ್ದರು. ಕಾಕಾ ಬಾವಿಯ ನೀರನ್ನೇ ಸುರಿದುಬಿಡುತ್ತಿದ್ದರು. ಹಳೆಯ ಬ್ಯಾಟರಿ ಬೇಗ ಕೆಟ್ಟದ್ದು ಬಾವಿಯ ನೀರಿನಿಂದಲೇ ಎಂದು ಅಕ್ಕ ಹೇಳುತ್ತಿದ್ದಳು. ಇರಬಹುದು.

ನವರಾತ್ರಿ ಹತ್ತಿರ ಬಂದಾಗ ಮಾಮಾ, ಅಕ್ಕ, ಕಾಕಾ ಮೂವರೂ ಜೀಪ್ ನೂಕಿಸಿಕೊಂಡು ಬೆಳಗಾವಿಗೆ ಬಂದರು. ಸಂಜೆ ನಾನೂ ಜೊತೆಗೂಡಿದೆ. ಖಡೇಬಜಾರಿನ ಹಿಂದಿನ ಓಣಿಯಲ್ಲಿ ಬ್ಯಾಟರಿಯ ಅಂಗಡಿ. ಮಾಲೀಕರು ವಯಸ್ಸಾದ ಮುಸಲ್ಮಾನರು, ಓಣಿಗೆಲ್ಲ ಚಾಚಾ. ಹೊರಗೆ ಗಿರಾಕಿಗಳಿಗೆ ಬೆಂಚು, ಒಳಕೋಣೆಯಲ್ಲಿ ಸಾಲಾಗಿ ಚಾರ್ಜಿಗೆ ಇಟ್ಟ ಬ್ಯಾಟರಿಗಳು.

ಮಾಮಾನ ಕಣ್ಣು ಎಲ್ಲಕ್ಕಿಂತ ದೊಡ್ಡ ಬ್ಯಾಟರಿಯ ಮೇಲೆ ಬಿತ್ತು.

"ಸಾವಕಾರ್ರ, ಅದು ಲಾರಿದು," ಎಂದರು ಚಾಚಾ. "ತಗೊಂಡ್ ಹೋಗಿ ಎಲ್ಲಿ ಕುಂದರಸ್ತೀರಿ? ತೊಡಿ ಮ್ಯಾಲೆ ಏನು?"

"ದೊಡ್ಡದಿದ್ರ ಬಾಳ ದಿವಸ ಬರತೈತಿ ಅಲ್ರಿ?"

"ನಿಮ್ಮ ಡೈನಮೋ ಅದರ ಹೊಟ್ಟಿ ತುಂಬಸಬೇಕಲ್ಲ. ಎಮ್ಮಿ ಮುಂದ ಕರುವಿನ ಮೇವು ಹಾಕಿದಂಗ ಆಗತೈತಿ. ಮೊದಲ ಗಾಡಿ ಈ ಕಡೆ ತರ್ರಿ, ಡೈನಮೋ ನೋಡೂಣು. ಅದ ಕೆಟ್ಟಿದ್ರ ಹೊಸಾ ಬ್ಯಾಟರಿನೂ ಒಂದ ತಿಂಗಳದಾಗ ಹಳೇದಾಗತೈತಿ."

ಡೈನಮೋ ಸರಿ ಇತ್ತು. ಅಕ್ಕ ಚೀಲದಿಂದ ಒಂದು ಸುತಳಿ ತೆಗೆದಳು. ಅದರಲ್ಲಿ ಗಂಟು ಹಾಕಿದ್ದಳು. "ಈ ಗಂಟಿನ ತನಕ ಉದ್ದ, ಈ ಗಂಟಿನ ತನಕ ಅಗಲ. ಜೀಪಿನ್ಯಾಗ ಬ್ಯಾಟರಿ ಇಡೂ ತಟ್ಟಿ ಅಳತಿ ಇದು. ಇದರಾಗ ಕುಂದ್ರೂದು ತೋರಸ್ರಿ, ಬ್ಯಾರೆ ಬ್ಯಾಡ."

ಚಾಚಾ ಸುತಳಿಯನ್ನೂ ಮಾಮಾನನ್ನೂ ನೋಡಿ, "ಸಾವಕಾರ್ರ, ನೀವ್ ಬೆಂಚಿನ ಮ್ಯಾಲೆ ಕುಂದರ್ರಿ. ಗಿರಾಕಿ ಯಾರಂತ ಗೊತ್ತಾತು," ಎಂದರು.

ಹಳೆಯ ಡಬ್ಬಿಗೆ ಹೊಸ ಪ್ಲೇಟು ಹಾಕಿದ ಬ್ಯಾಟರಿಯೊಂದೂ ಅಲ್ಲಿತ್ತು. ಕಡಿಮೆಗೆ ಸಿಗುತ್ತಿತ್ತು. ಮಾಮಾ ಬೆಂಚಿನಿಂದಲೇ ಅದರ ಕಡೆ ಕೈ ತೋರಿಸಿದರು. ಅಕ್ಕ ಅದಕ್ಕೆ ಗ್ಯಾರಂಟಿ ಎಷ್ಟು ದಿನ ಎಂದು ಕೇಳಿದಳು.

"ಅಕ್ಕಾರ, ಖರೇ ಹೇಳ್ಲಿ? ಅದರ ಗ್ಯಾರಂಟಿ ಈ ಬಾಗಲದ ತನಕ."

ಕೊನೆಗೆ ಸುತಳಿಯ ಅಳತೆಗೆ ಸರಿಯಾದ, ಹೊಸ ಡಬ್ಬಿಯ, ಪೂರ್ತಿ ಹೊಸ ಬ್ಯಾಟರಿಯೇ ಗೊತ್ತಾಯಿತು. ಅದಕ್ಕೆ ಇನ್ನು ಆಸಿಡ್ ತುಂಬಬೇಕು, ಚಾರ್ಜಿಗೆ ಇಡಬೇಕು. ಚಾಚಾ ಅಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡು ಅದನ್ನು ನೋಡಿಕೊಳ್ಳುವ ಬಗೆ ಹೇಳಿದರು. ಆ ಮಾತುಗಳನ್ನು ನಾನು ಮರೆತಿಲ್ಲ.

"ಬಾವಿ ನೀರು ಬ್ಯಾಡ, ನಳದ ನೀರು ಬ್ಯಾಡ. ಬಾಟಲಿಯಾಗಿಂದು ಡಿಸ್ಟಿಲ್ ನೀರು ಅಷ್ಟ. ಪ್ಲೇಟ್ ಮುಣಗೂ ತನಕ ಹಾಕ್ರಿ, ತುಂಬಿ ತುಳುಕಸಬ್ಯಾಡ್ರಿ. ವಾಯರ್ ಕೂಡೋ ಜಾಗಕ್ಕ ಬಿಳೇ ಬೂಷ್ಟ ಬಂದ್ರ ಬಿಸಿನೀರಿನ್ಯಾಗ ತೊಳೀರಿ, ಒರಸ್ರಿ, ವ್ಯಾಸಲೀನ್ ಹಚ್ಚರಿ. ಅಲ್ಲಾಡದಂಗ ಬಿಗೀರಿ. ಮ್ಯಾಲಿನ ಆರೂ ಮುಚ್ಚಳದಾಗ ಒಂದೊಂದು ಸಣ್ಣ ತೂತೈತಿ ನೋಡ್ರಿ. ಅದು ಬ್ಯಾಟರಿ ಉಸರಾಡೂ ಜಾಗ. ಚಾರ್ಜ್ ಆದ ಬ್ಯಾಟರಿಯಾಗ ಗ್ಯಾಸ್ ಇರತೈತಿ. ಕಣ್ಣಿಗೆ ಕಾಣೂದಿಲ್ಲ, ವಾಸನಿ ಬರೂದಿಲ್ಲ. ಬೀಡಿ, ಸಿಗರೇಟು, ಕಡ್ಡಿಪೆಟಗಿ ಹತ್ತರ ತರಬ್ಯಾಡ್ರಿ. ಬಾಂಬ್ ಆಗತೈತಿ, ಬಾಂಬ್."

"ಆಸಿಡ್ ಮೈ ಮ್ಯಾಲೆ ಬಿದ್ರ?" ಎಂದು ಅಕ್ಕ ಕೇಳಿದಳು.

"ನೀರು. ಎಣ್ಣಿ ಬ್ಯಾಡ, ಬೆಣ್ಣಿ ಬ್ಯಾಡ, ಅರಿಷಿಣ ಬ್ಯಾಡ. ನೀರು ಹಾಕ್ರಿ, ಹಾಕ್ಕೋತ ಇರ್ರಿ. ಉರಿ ನಿಂತೈತಿ ಅಂತ ಬಿಡಬ್ಯಾಡ್ರಿ. ಡಾಕ್ಟರ್ ಮನಿ ಮುಟ್ಟೂ ತನಕ ನೀರು."

ಹೊರಗೆ ಕಾಕಾ ಕಿವಿಯ ಹಿಂದಿನ ಬೀಡಿ ಮುಟ್ಟಿ ನೋಡಿಕೊಂಡರು. ಒಳಕೋಣೆಯಿಂದ ಲೋಬಾನದ ಧೂಪದ ಹೊಗೆ ತೆಳ್ಳಗೆ ಬಾಗಿಲವರೆಗೆ ಬರುತ್ತಿತ್ತು. ಸಂಜೆಯಾಗಿತ್ತು.

ಹಳೆಯದನ್ನು ಬಿಟ್ಟು ಹೋಗಿ ಎಂದು ಚಾಚಾ ಕೇಳಿದರು. ಹೊಸದು ಕೊಳ್ಳುವಾಗ ಹಳೆಯದನ್ನು ಕೊಡುವುದು ಅಂದಿಗೂ ರೂಢಿ. ಮಾಮಾ ಒಪ್ಪಲಿಲ್ಲ. ಅವರ ತಾಯಿಯ ಅಪ್ಪಣೆ ಬೇರೆ ಇತ್ತು. ಮನೆಯವರೆಲ್ಲ ಆಯಿ ಎಂದು ಕರೆಯುತ್ತಿದ್ದ ಆ ಹಿರಿಯರ ಪ್ರಕಾರ ಖಂಡೇಪೂಜೆಯ ಹೊತ್ತಿಗೆ ಮನೆಗೆ ಬರುವ ಹೊಸ ಹತಾರ ಮೊದಲು ಪೂಜೆಗೆ ಕೂಡಬೇಕು, ಆಮೇಲೆ ಕೆಲಸಕ್ಕೆ ಹತ್ತಬೇಕು. ಕುಡಗೋಲಿಗೂ ಅದೇ, ಹಂಚಿನ ಅಚ್ಚಿಗೂ ಅದೇ.

"ಹಬ್ಬದ ಮುಂಜಾನೆ ಹಳೇದರ ಮ್ಯಾಲೆನ ಬರ್ತೀವಿ, ಹಳೇದರ ಮ್ಯಾಲೆನ ಹೋಗ್ತೀವಿ," ಎಂದರು ಮಾಮಾ. "ಹೊಸಾದು ಹಿಂದಿನ ಸೀಟಿನ್ಯಾಗ ಕುಂತು ಬರತೈತಿ. ಪೂಜಿ ಆಗೂ ತನಕ ಅದಕ್ಕ ವಾಯರ್ ಹಚ್ಚಾಂಗಿಲ್ಲ. ಹಬ್ಬ ಮುಗಿದಮ್ಯಾಲೆ ಹಳೇದು ನಿಮ್ಮದು."

ಚಾಚಾ ನಕ್ಕರು. "ನಾ ಬ್ಯಾಟರಿ ಮಾರಾಕತ್ತೀನೋ, ಮಗಳನ್ನ ಗಂಡನ ಮನಿಗೆ ಕಳಸಾಕತ್ತೀನೋ!"

ನವಮಿಯ ಮುಂಜಾನೆ ಮಾಮಾ ಮತ್ತು ಕಾಕಾ ಬಂದರು. ನನಗೂ ರಜೆ. ಚಾರ್ಜಿನಿಂದ ಆಗಷ್ಟೇ ಇಳಿಸಿದ ಬ್ಯಾಟರಿಯನ್ನು ಹಿಂದಿನ ಸೀಟಿನ ನಡುವೆ ಗೋಣಿಚೀಲ ಹಾಸಿ ಇಟ್ಟೆವು. ಪೀರನವಾಡಿ ದಾಟಿ, ಮಚ್ಛೆ ಬರುವ ಹೊತ್ತಿಗೆ ಕಾಕಾ ಗಾಡಿ ನಿಲ್ಲಿಸಿ ಇಳಿದರು. ಎಂಜಿನ್ ಆರಿಸಲಿಲ್ಲ. ರಸ್ತೆಯಾಚೆ ಹೋಗಿ, ಬೆನ್ನು ಮಾಡಿ ನಿಂತು, ಬೀಡಿ ಸೇದಿ, ತುದಿಯನ್ನು ಚಪ್ಪಲಿಯಿಂದ ಹೊಸಕಿ, ಹೊಸಕಿದ್ದು ಸಾಲದೆಂದು ಅದರ ಮೇಲೆ ಮಣ್ಣು ಹಾಕಿ ಬಂದರು.

"ಕೈ ತೊಳಕೊಂಡ್ ಬಾ," ಎಂದರು ಮಾಮಾ.

"ಮಾಲಕ, ಕೈಯಾಗ ಬೆಂಕಿ ಇರತೈತೇನ್ರಿ?"

"ನಿನ್ನ ಕೈ ಮ್ಯಾಲೆ ನನಗ ಭರೋಸಾ ಇಲ್ಲ."

ಇಷ್ಟು ಎಚ್ಚರವಿತ್ತು. ಮನೆಯ ಬಾಗಿಲಲ್ಲಿ ಆಯಿ ನಿಂತಿದ್ದರು. ಅಕ್ಕ ಅವರಿಗೆ ಎಲ್ಲವನ್ನೂ ಹೇಳಿದ್ದಳು. ಕಾಕಾನನ್ನು ನೋಡಿದ ಕೂಡಲೇ, "ಆ ಬೀಡಿ ಕಟ್ಟು, ಕಡ್ಡಿಪೆಟಗಿ ಎರಡೂ ಅಲ್ಲೇ ಕಟ್ಟೀ ಮ್ಯಾಲೆ ಇಡು. ಹೊಸಾ ಬ್ಯಾಟರಿ ಒಳಗ ಹೊಂಟೈತಿ," ಎಂದರು. ಕಾಕಾ ಇಟ್ಟರು. ಅಷ್ಟಾದರೂ ಆಯಿ ಅವರನ್ನು ಒಳಗೆ ಬಿಡಲಿಲ್ಲ. ಅವರು ಅಂಗಳದಲ್ಲೇ ಉಳಿದು ಜೀಪಿಗೆ ಕಬ್ಬಿನ ಜಲ್ಲೆ ಕಟ್ಟತೊಡಗಿದರು.

ಪಡಸಾಲೆಯಲ್ಲಿ ಗೋಡೆಗೆ ತಾಗಿ ಹತಾರಗಳನ್ನು ಜೋಡಿಸಿದ್ದರು. ಹಂಚಿನ ಅಚ್ಚು, ತಕ್ಕಡಿ, ಸನಿಕೆ, ಕುಡಗೋಲು, ಅಕ್ಕನ ಕತ್ತರಿ. ನನ್ನ ಪೆನ್ನನ್ನೂ ಇಸಿದುಕೊಂಡು ಅಕ್ಕ ಕತ್ತರಿಯ ಬಾಜು ಇಟ್ಟಳು. "ಕತ್ತರಿ ಬಾಜೂಕ ಇರಲಿ, ನಿಮ್ಮ ಪೇಪರ್‌ಗೆ ಅದ ಬೇಕಾಗಿದ್ದು," ಎಂದಳು. ಬ್ಯಾಟರಿಯನ್ನು ನಡುವೆ ಒಂದು ಮಣೆಯ ಮೇಲೆ ಕೂಡಿಸಿದರು. ಕರಿಯ ಡಬ್ಬಿ, ಹೊಸದರ ಹೊಳಪು.

ಆಯಿ ವಿಭೂತಿ ಕಲಸಿ ಡಬ್ಬಿಯ ಮುಂಭಾಗಕ್ಕೆ ಮೂರು ಬೆರಳಿನಿಂದ ಎಳೆದರು. ಆಮೇಲೆ ಮೇಲಿನ ಆರೂ ಮುಚ್ಚಳಗಳಿಗೆ ಒಂದೊಂದಾಗಿ, ನಡುವಿಗೆ ಸರಿಯಾಗಿ, ಹಸಿ ವಿಭೂತಿಯ ಬೊಟ್ಟು ಇಟ್ಟರು. ಅದರ ಮೇಲೆ ಕುಂಕುಮ. ಅದರ ಮೇಲೆ ಚೆಂಡುಹೂವಿನ ಎಸಳು. ತೂತು ಇದ್ದದ್ದೂ ಮುಚ್ಚಳದ ನಡುವೆಯೇ. ಅದನ್ನು ನೋಡುತ್ತ ನಿಂತವರಲ್ಲಿ ಚಾಚಾನ ಮಾತು ಕೇಳಿದವರು ಮೂವರಿದ್ದೆವು.

"ಇದಕ್ಕ ನೈವೇದ್ಯ ಏನಬೇ?" ಎಂದು ಆಯಿ ಅಕ್ಕನನ್ನು ಕೇಳಿದರು.

"ನೀರು ಅಷ್ಟ ಆಯಿ. ನೀರೊಂದು ಇದ್ರ ಬ್ಯಾರೆ ಏನೂ ಕೇಳೂದಿಲ್ಲ ಇದು."

"ಇಂಥಾದ್ದೊಂದು ಮಗಾ ನನಗ ಹುಟ್ಟಲಿಲ್ಲ ನೋಡು," ಎಂದು ಆಯಿ ಮಾಮಾನ ಕಡೆ ತಿರುಗಿದರು. ಮಾಮಾ ನಕ್ಕರು.

ನೀರು ಎಲ್ಲಿ ಹಾಕುವುದೆಂದು ತೋರಿಸಲು ಅಕ್ಕ ತುದಿಯ ಮುಚ್ಚಳ ತಿರುವಿ ತೆಗೆದಳು. ಆಯಿ ಬಗ್ಗಿ ನೋಡಿದರು. ಅಕ್ಕ ಮುಚ್ಚಳವನ್ನು ಮತ್ತೆ ಅದರ ಜಾಗದಲ್ಲಿ ಇಟ್ಟಳು. ತಿರುವಿ ಬಿಗಿದಳೋ ಬರೀ ಇಟ್ಟಳೋ ನಾನು ನೋಡಲಿಲ್ಲ. ಬರೀ ಇಟ್ಟೆ ಎಂದು ಆಮೇಲೆ ಅವಳೇ ಹೇಳಿದಳು.

ಆರತಿಯ ತಟ್ಟೆಯಲ್ಲಿ ಎರಡು ತುಪ್ಪದ ಬತ್ತಿ ಉರಿಯುತ್ತಿದ್ದವು. ಮನೆಯ ಸೊಸೆ ಆರತಿ ಬೆಳಗುವುದು ವಾಡಿಕೆ. ಅಕ್ಕ ತಟ್ಟೆ ಹಿಡಿದು ಬಾಗಿದಳು. ಮೊದಲು ಹಂಚಿನ ಅಚ್ಚಿಗೆ, ಆಮೇಲೆ ತಕ್ಕಡಿಗೆ, ಆಮೇಲೆ ಮಣೆಯ ಮೇಲಿನ ಬ್ಯಾಟರಿಗೆ. ಒಡೆಯಲಿಕ್ಕೆ ಕಾಯಿ ಹಿಡಿದು ನಾನು ಸ್ವಲ್ಪ ಹಿಂದೆ ನಿಂತಿದ್ದೆ.

ಸದ್ದಾಯಿತು. ಕಾಯಿ ಒಡೆದ ಸದ್ದು ಎಂದು ಮೊದಲು ಅನ್ನಿಸಿತು. ಕಾಯಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಆಮೇಲಿನ ಕೆಲವು ಕ್ಷಣಗಳನ್ನು ಆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ದೀಪ ಬ್ಯಾಟರಿಯ ಮೇಲೆ ಬಿತ್ತು ಎಂದು ಆಯಿ ಹೇಳುತ್ತಿದ್ದರು. ದೀಪ ಬೀಳುವುದಕ್ಕೆ ಮೊದಲೇ ಸಿಡಿದದ್ದನ್ನು ನಾನು ಕಂಡೆ. ನೀಲಿ ಬೆಳಕು ಕಂಡಿತು ಎಂದು ಮಾಮಾ ಹೇಳುತ್ತಾರೆ. ನಾನು ಬೆಳಕು ಕಾಣಲಿಲ್ಲ. ಡಬ್ಬಿಯ ಒಂದು ಮೂಲೆ ಹಾರಿ ಗೋಡೆಗೆ ಬಡಿದದ್ದು, ತಟ್ಟೆ ನೆಲದ ಮೇಲೆ ಗುಂಡಗೆ ತಿರುಗುತ್ತ ಹೋದದ್ದು, ಚೆಂಡುಹೂವಿನ ಎಸಳುಗಳು ಅಕ್ಕನ ಕೂದಲಲ್ಲಿ ಇದ್ದದ್ದು, ಇಷ್ಟು ನಾನು ಕಂಡದ್ದು.

ಅಕ್ಕ ಬೀಳಲಿಲ್ಲ. ನಿಂತೇ ಇದ್ದಳು. ಕೂಗಲೂ ಇಲ್ಲ. ಎರಡೂ ಕೈ ಮುಖದ ಮುಂದೆ ಗಾಳಿಯಲ್ಲಿ ನಿಂತಿದ್ದವು, ಮುಖ ಮುಟ್ಟಿರಲಿಲ್ಲ. ಯಾರೂ ಅಲ್ಲಾಡಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಮಾಮಾ ಮೆಲ್ಲಗೆ ಒಂದೇ ಮಾತು ಆಡಿದರು: "ಬೀಡಿ ಯಾರು ಸೇದಿದ್ರು?"

ಯಾರೂ ಸೇದಿರಲಿಲ್ಲ. ಕಾಕಾನ ಬೀಡಿ ಕಟ್ಟು ಹೊರಗೆ ಕಟ್ಟೆಯ ಮೇಲೆ ಇತ್ತು.

"ನೀರು," ಎಂದಳು ಅಕ್ಕ.

ಸದ್ದು ಕೇಳಿ ಓಡಿಬಂದ ಪಕ್ಕದ ಮನೆಯ ಹೆಂಗಸಿನ ಕೈಯಲ್ಲಿ ಆಗಲೇ ಬೆಣ್ಣೆಯ ಬಟ್ಟಲಿತ್ತು. ಸುಟ್ಟರೆ ಬೆಣ್ಣೆ ಎಂಬುದು ಆ ಓಣಿಯಲ್ಲಿ ಎಲ್ಲರಿಗೂ ಗೊತ್ತು. "ಹಚ್ಚರಿ ಆಯಿ, ಲಗೂನ ಹಚ್ಚರಿ, ತಂಪಾಗತೈತಿ," ಎಂದು ಆಕೆ ಬಟ್ಟಲು ಚಾಚಿದರು. ಆಯಿ ಬೆರಳು ಬೆಣ್ಣೆಯಲ್ಲಿ ಅದ್ದಿಯೂ ಆಗಿತ್ತು.

"ಬೆಣ್ಣಿ ಬ್ಯಾಡ!" ಅಕ್ಕ ಕೂಗಿದ್ದು ಆಗಲೇ. "ಆಯಿ, ಬೆಣ್ಣಿ ಬ್ಯಾಡ, ನೀರು ಹಾಕ್ರಿ! ಚಾಚಾ ನೀರು ಅಂದಾರ! ತಮ್ಮಾ, ನೀರು!"

ಆಯಿ ಒಂದು ಗಳಿಗೆ ನಿಂತರು. ಅವರ ಕೈ ಸೊಸೆಯ ಮುಖಕ್ಕೂ ಬಟ್ಟಲಿಗೂ ನಡುವೆ ಇತ್ತು. ಆಮೇಲೆ ಬೆಣ್ಣೆಯ ಕೈಯನ್ನು ತಮ್ಮ ಸೀರೆಗೇ ಒರೆಸಿಕೊಂಡು, ಅಕ್ಕನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದರು. ಹಬ್ಬದ ಎರೆದುಕೊಳ್ಳುವಿಕೆ ಮುಗಿದು ಹಂಡೆಯ ನೀರು ಆರಿತ್ತು. ಅಕ್ಕನ ತಲೆ ಹಿಂದಕ್ಕೆ ಬಾಗಿಸಿ, ರೆಪ್ಪೆಗಳನ್ನು ಎರಡು ಬೆರಳಿಂದ ಅಗಲಿಸಿ ಹಿಡಿದು, ಆಯಿ ತಂಬಿಗೆಯಿಂದ ಸುರಿಯತೊಡಗಿದರು. ನಾನು ಬಾವಿಯಿಂದ ಸೇದಿ ತಂದು ಹಾಕುತ್ತಿದ್ದೆ. ಬ್ಯಾಟರಿಗೆ ಬೇಡವೆಂದಿದ್ದ ಬಾವಿಯ ನೀರು.

"ಉರಿ ಕಡಿಮ್ಯಾತೇನ ನನ್ನವ್ವಾ?"

"ಕೇಳಬ್ಯಾಡ್ರಿ. ಹಾಕ್ಕೋತ ಇರ್ರಿ."

ಮಾಮಾ ಅಂಗಳಕ್ಕೆ ಓಡಿದ್ದರು. ಜೀಪಿನಲ್ಲಿ ಹಳೆಯ ಬ್ಯಾಟರಿ ಇನ್ನೂ ಇತ್ತು. ಆಯಿಯ ಅಪ್ಪಣೆ ಇಲ್ಲದಿದ್ದರೆ ಅದು ಬೆಳಗಾವಿಯ ಅಂಗಡಿಯಲ್ಲಿ ಇರುತ್ತಿತ್ತು. ಸ್ವಿಚ್ ತಿರುವಿದರೆ 'ಕಟ್' ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಕಾಕಾ ಕಟ್ಟಿದ ಕಬ್ಬು ಕಿತ್ತೆಸೆದು ಹ್ಯಾಂಡಲ್ ತೂರಿಸಿದರು. ತಿರುವಿದರು, ಬೈದರು, ಮತ್ತೆ ತಿರುವಿದರು. ಅಷ್ಟರಲ್ಲಿ ಓಣಿಯವರು ಹಿಂದಿನಿಂದ ನೂಕಲು ಬಂದಿದ್ದರು. ಅವರ ಕೈ ತಾಗುವ ಮೊದಲೇ ಎಂಜಿನ್ ಹತ್ತಿತು. ಅಂತಹ ಹಳೆಯ ಬ್ಯಾಟರಿ ಗಾಡಿಯನ್ನು ಎಬ್ಬಿಸಲಾರದು, ಎದ್ದ ಮೇಲೆ ನಡೆಸಬಲ್ಲದು.

ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ಆಯಿಯ ತೊಡೆಯ ಮೇಲೆ. ಕಾಲ ಬಳಿ ನೀರು ತುಂಬಿದ ಕೊಡಗಳು. ಬೆಳಗಾವಿಯವರೆಗೂ ಆಯಿ ತಂಬಿಗೆ ಕೆಳಗಿಡಲಿಲ್ಲ. ಎದುರಿನ ಹಲಗೆಯಲ್ಲಿ ನಾನು. ಗೋಣಿಚೀಲ ಮುಂಜಾನೆ ಹಾಸಿದಂತೆಯೇ ಇತ್ತು. ಹಾದಿಯ ಗಾಡಿಗಳೆಲ್ಲ ಹೂ ಮುಡಿದು ನಿಂತಿದ್ದವು. ಒಂದೊಂದರ ಮುಂದೆಯೂ ಊದುಬತ್ತಿ, ಕರ್ಪೂರ. ಕಾಕಾ ಅವುಗಳನ್ನು ನೋಡುತ್ತ ನಡೆಸುತ್ತಿದ್ದರು. ಮಚ್ಛೆಯ ಹತ್ತಿರ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಆರತಿನೂ ಬೆಂಕಿನ ಅಲ್ರಿ ಮಾಲಕ."

ನಾವು ಯಾರೂ ಅಲ್ಲಿಯವರೆಗೆ ಆ ಮಾತನ್ನು ಯೋಚಿಸಿರಲಿಲ್ಲ. ಬೀಡಿ ಬೆಂಕಿ, ಸಿಗರೇಟು ಬೆಂಕಿ, ಕಡ್ಡಿಪೆಟ್ಟಿಗೆ ಬೆಂಕಿ. ಆರತಿ ಆರತಿ. ಹಾಗೆಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ, ನಾವಾಗಿ ಹಾಗೆ ತಿಳಿದಿದ್ದೂ ಇಲ್ಲ. ಅದು ಬೆಂಕಿಯ ಲೆಕ್ಕಕ್ಕೆ ಬಂದಿರಲೇ ಇಲ್ಲ, ಅಷ್ಟೆ.

ಬೆಳಗಾವಿಯ ಮೂರನೇ ರೈಲ್ವೆ ಗೇಟ್ ಹಾಕಿತ್ತು. ಕಾಕಾ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಲಿಲ್ಲ. ಎಂಜಿನ್ ನಿಂತರೆ ಮತ್ತೆ ಇಳಿದು ತಿರುವಬೇಕು. ಕೊಡದಲ್ಲಿ ತಳದ ನೀರು ಉಳಿದಿತ್ತು. ಅಕ್ಕ ಕಣ್ಣು ಮುಚ್ಚಿಯೇ ಕೇಳಿದಳು, "ಯಾಕ ನಿಂತ್ತು?"

"ಗೇಟ್ ಐತಿ."

"ಯಾವ ಗಾಡಿ ಬರೂದೈತಿ ಈಗ?"

"ಮಾಲುಗಾಡಿ ಕಾಣತೈತಿ," ಎಂದೆ.

"ಕಾಣತೈತಿ ಅಂದ್ರ ಆತೇನು? ಕಂಡಿದ್ದು ಹೇಳು. ಡಬ್ಬಿ ಎಷ್ಟ ಅದಾವು?"

ಮಾಲುಗಾಡಿ ದಾಟುವವರೆಗೆ ನಾನು ಡಬ್ಬಿ ಎಣಿಸಿ ಅವಳಿಗೆ ಹೇಳಿದೆ. ಎಷ್ಟಿದ್ದವೆಂದು ಈಗ ನೆನಪಿಲ್ಲ.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಹಬ್ಬದ ಸೀರೆಯಲ್ಲೇ ಮನೆಯಿಂದ ಬಂದರು. ಅವರೂ ಮೊದಲು ಮಾಡಿದ್ದು ತೊಳೆಯುವುದೇ. ಬಹಳ ಹೊತ್ತು ತೊಳೆದರು. ಹೊರಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಮೊದಲು ಏನು ಹಾಕಿದಿರಿ?"

"ನೀರ್ರಿ," ಎಂದರು ಆಯಿ. ಅವರ ಸೀರೆಯ ಮೇಲೆ ಬೆಣ್ಣೆಯ ಕಲೆ ಇತ್ತು.

"ಬೇರೆ ಏನೂ ಇಲ್ಲವೆ?"

"ಇಲ್ರಿ. ಹಾಕಾಕ ಬಿಡಲಿಲ್ಲ ಆಕಿ."

ಬಲಗಣ್ಣು ಉಳಿಯುವ ಸಂಭವವಿದೆ, ಎಡಗಣ್ಣಿನ ಬಗ್ಗೆ ಈಗ ಹೇಳಲಾರೆ ಎಂದರು ಡಾಕ್ಟರು. ಎರಡಕ್ಕೂ ಪಟ್ಟಿ ಕಟ್ಟಿದ್ದರು.

ಮರುದಿನ ವಿಜಯದಶಮಿ. ಆಯಿ ಎಲ್ಲಿಂದಲೋ ಬನ್ನಿ ಎಲೆ ತಂದಿದ್ದರು. ಅತ್ತೆಗೆ ಸೊಸೆ ಬನ್ನಿ ಕೊಟ್ಟು ಕಾಲಿಗೆ ಬೀಳುವುದು ಪದ್ಧತಿ. ಆಯಿ ತಾವೇ ಮಂಚದ ಬಳಿ ಹೋಗಿ ಅಕ್ಕನ ಅಂಗೈಯಲ್ಲಿ ಎಲೆ ಇಟ್ಟು, "ಬನ್ನಿ ತಗೋ ನನ್ನವ್ವಾ, ಬಂಗಾರದಂಗ ಇರೂಣು," ಎಂದರು. ಅಕ್ಕ ಎಲೆಗಳನ್ನು ಬೆರಳಿನಲ್ಲಿ ತಡವಿ, "ಇದರಾಗ ಒಂದು ಬ್ಯಾರೆ ಎಲಿ ಸೇರೈತಿ ಆಯಿ," ಎಂದಳು. ಸೇರಿತ್ತು.

ರಜೆ ಮುಗಿದು ಕಚೇರಿಗೆ ಹೋದ ದಿನ ನಾನು ಒಂದು ಸಣ್ಣ ಸುದ್ದಿ ಬರೆದೆ. ಖಾನಾಪುರದಲ್ಲಿ ಪೂಜೆಗಿಟ್ಟ ಜೀಪಿನ ಬ್ಯಾಟರಿಗೆ ಆರತಿ ಬೆಳಗುವಾಗ ಅದು ಸಿಡಿದು ಮಹಿಳೆಯ ಕಣ್ಣುಗಳಿಗೆ ಗಾಯವಾಗಿದೆ ಎಂದು. ಅವಳು ನನ್ನ ಅಕ್ಕ ಎಂದು ಕಚೇರಿಯಲ್ಲಿ ತಿಳಿಸಿದೆ, ಸುದ್ದಿಯಲ್ಲಿ ಬರೆಯಲಿಲ್ಲ. ಮುಖ್ಯ ಉಪಸಂಪಾದಕರು ಓದಿ, "ಅಕ್ಕಾರು ಹೆಂಗದಾರ?" ಎಂದು ಕೇಳಿದರು. ಅವರ ಹಿಂದಿನ ಗೋಡೆಯ ಗೂಡಿನಲ್ಲಿ, ಮುದ್ರಣ ಯಂತ್ರದ ಎಣ್ಣೆಯ ಡಬ್ಬಿಗಳ ಮೇಲೆ, ಹಬ್ಬದ ದಿನ ಹಚ್ಚಿದ ಊದುಬತ್ತಿಯ ಬೂದಿ ಇನ್ನೂ ಬಿದ್ದಿತ್ತು. 'ಆರತಿ ಬೆಳಗುವಾಗ' ಎಂಬುದನ್ನು ಹೊಡೆದು 'ಬೆಂಕಿಯ ಕಿಡಿ ತಗುಲಿ' ಎಂದು ಬರೆದು ಅಚ್ಚಿಗೆ ಕಳಿಸಿದರು.

ಚಾಚಾನಿಗೆ ವಿಷಯ ಹೇಳಲು ಮಾಮಾನೊಂದಿಗೆ ನಾನೂ ಹೋದೆ. ಮಾಮಾ ಒಡೆದ ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಚಾಚಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಉಳಿದ ಐದು ಮುಚ್ಚಳಗಳಲ್ಲಿ ವಿಭೂತಿ ಒಣಗಿ ಸುಣ್ಣದಂತೆ ಗಟ್ಟಿಯಾಗಿತ್ತು. ಸೂಜಿ ತರಿಸಿ ಒಂದು ತೂತನ್ನು ಚುಚ್ಚಿ ನೋಡಿದರು. ಸೂಜಿ ಹೋಗಲಿಲ್ಲ. ಗ್ಯಾಸ್ ಹೊರಬರಲು ಉಳಿದಿದ್ದು ಅಕ್ಕ ಬಿಗಿಯದೆ ಇಟ್ಟ ಆ ಒಂದೇ ಮುಚ್ಚಳ.

"ಬೀಡಿ ಯಾರೂ ಸೇದಲಿಲ್ರಿ?"

"ಇಲ್ರಿ. ಆರತಿ ಮಾಡಿದ್ವಿ."

ಸಂಜೆಯ ಹೊತ್ತು. ಚಾಚಾ ತಿರುಗಿ ಒಳಕೋಣೆಯ ಕಡೆ ನೋಡಿದರು. ಚಾರ್ಜಿನ ಬ್ಯಾಟರಿಗಳ ಸಾಲಿನ ಕೊನೆಯಲ್ಲಿ, ಮೊಣಕಾಲಿನ ಎತ್ತರದ ಗೂಡಿನಲ್ಲಿ, ಲೋಬಾನದ ಕೆಂಡದ ಬಟ್ಟಲು ಹೊಗೆಯಾಡುತ್ತಿತ್ತು. ಚಾಚಾ ಎದ್ದು ಹೋಗಿ ಅದನ್ನು ಇಕ್ಕಳದಿಂದ ಹಿಡಿದು ಹೊರಗೆ ತಂದು ಓಣಿಯ ಗಟಾರದ ಅಂಚಿಗೆ ಇಟ್ಟರು. ವಾಪಸು ಬಂದು ಬೆಂಚಿನ ಮೇಲೆ ನಮ್ಮ ಬಾಜೂಕೇ ಕೂತರು.

"ನಮ್ಮ ಅಪ್ಪನ ಕಾಲದಿಂದ ದಿನಾ ಇಡತೀವ್ರಿ," ಎಂದರು. "ಬೀಡಿ ಸೇದಿದ ಆಳನ್ನ ನಾ ಕೆಲಸದಿಂದ ತಗದೀನಿ."

ಒಡೆದದ್ದಕ್ಕೆ ಬದಲಾಗಿ ಅದೇ ಅಳತೆಯ ಇನ್ನೊಂದು ಬ್ಯಾಟರಿ ಕೊಟ್ಟರು. ಹಳೆಯದನ್ನು ಅವರು ಕೇಳಲಿಲ್ಲ. ಮಾಮಾ ಕೊಡಲೂ ಇಲ್ಲ.

ಅಕ್ಕನ ಪಟ್ಟಿ ಬಿಚ್ಚಿದ್ದು ದೀಪಾವಳಿಗೆ ಮುಂ‍ಚೆ. ಡಾಕ್ಟರು ಗೋಡೆಯ ಮೇಲಿನ ಅಕ್ಷರದ ಹಲಗೆ ತೋರಿಸಿದರು. ಎಡಗಣ್ಣು ಮುಚ್ಚಿ ಓದೆಂದಾಗ ಅಕ್ಕ ಕೆಲವು ಸಾಲು ಓದಿದಳು. ಬಲಗಣ್ಣು ಮುಚ್ಚಿದಾಗ, "ಕಿಡಕಿ ಎಲ್ಲೈತಿ ಗೊತ್ತಾಗತೈತ್ರಿ," ಎಂದಳು. ಮನೆಗೆ ಬಂದ ಮೇಲೆ ಆಸ್ಪತ್ರೆಯಲ್ಲಿದ್ದ ದಿನಗಳ ಪತ್ರಿಕೆಗಳನ್ನೆಲ್ಲ ತರಿಸಿಕೊಂಡಳು. ತನ್ನ ಸುದ್ದಿ ಬಂದ ಪುಟದಲ್ಲಿ 'ಬೆಂಕಿಯ ಕಿಡಿ' ಎಂಬುದಕ್ಕೆ ಗೆರೆ ಎಳೆದು ಬಾಜು 'ಆರತಿ' ಎಂದು ಬರೆದಳು. ಅಕ್ಷರ ಸ್ವಲ್ಪ ಸಾಲು ತಪ್ಪಿ ಮೇಲಕ್ಕೆ ಏರಿತ್ತು.

ಬ್ಯಾಟರಿಯ ನೀರು ನೋಡುವ ಕೆಲಸವನ್ನು ಅವಳು ಬೇರೆಯವರಿಗೆ ಬಿಡಲಿಲ್ಲ. ಕನ್ನಡಕ ಹಾಕಿಕೊಂಡು, ಎಂಜಿನ್ ಆರಿದ ಮೇಲೆ ಬಹಳ ಹೊತ್ತು ಬಿಟ್ಟು, ಜೀಪಿನ ಬಾನೆಟ್ ಎತ್ತಿಸಿ, ಮುಖ ಪಕ್ಕಕ್ಕೆ ತಿರುಗಿಸಿ ಮುಚ್ಚಳ ತೆಗೆಯುತ್ತಿದ್ದಳು. ಸೂಜಿಯಿಂದ ಆರೂ ತೂತು ಚುಚ್ಚಿ ನೋಡುತ್ತಿದ್ದಳು. ಪಕ್ಕದಲ್ಲಿ ಕಾಕಾ ನೀರಿನ ಕೊಡ ಹಿಡಿದು ನಿಂತಿರಬೇಕು. "ಬ್ಯಾಟರಿಗಲ್ಲ, ನನಗ," ಎಂದು ಅವರಿಗೆ ಹೇಳಿದ್ದಳು. ಕಾಕಾ ಆಗ ಬೀಡಿ ಬಿಟ್ಟು ತಂಬಾಕು ಶುರುಮಾಡಿದ್ದರು.

ಮರುವರ್ಷದ ಖಂಡೇಪೂಜೆಗೂ ನಾನು ಹೋಗಿದ್ದೆ. ಬ್ಯಾಟರಿ ಜೀಪಿನೊಳಗೇ ಇತ್ತು, ಬಾನೆಟ್ ಮುಚ್ಚಿತ್ತು. ಆಯಿ ತಟ್ಟೆಯಲ್ಲಿ ಅರಿಷಿಣ-ಸುಣ್ಣದ ಕೆಂಪು ನೀರು ತುಂಬಿ, ಬತ್ತಿ ಇಲ್ಲದೆ, ಅದನ್ನೇ ಜೀಪಿಗೆ ಬೆಳಗಿದರು. ಪಕ್ಕದ ಮನೆಯ ಹೆಂಗಸು, "ದೀಪ ಇಲ್ಲದ ಎಂಥಾ ಆರತಿ ಆಯಿ?" ಎಂದು ಕೇಳಿದರು.

"ಇದು ಜೀಪಿನ ಆರತಿ," ಎಂದರು ಆಯಿ.

ಆಯಿ ಈಗಿಲ್ಲ. ಜೀಪನ್ನು ಮಾಮಾ 1986ರಲ್ಲಿ ಜಾಂಬೋಟಿಯ ಒಬ್ಬರಿಗೆ ಮಾರಿದರು. ಮಾರುವ ದಿನ ಅಕ್ಕ ಕೊಂಡವರನ್ನು ಪಡಸಾಲೆಯಲ್ಲಿ ಕೂಡಿಸಿ ನೀರಿನ ಬಾಟಲಿ, ವ್ಯಾಸಲೀನ್ ಡಬ್ಬಿ, ಸೂಜಿ ಕೊಟ್ಟು ಎಲ್ಲವನ್ನೂ ಹೇಳಿದಳು. ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ, ಊದುಬತ್ತಿ, ಕರ್ಪೂರ, ಆರತಿ ಎಂದು ಬೆರಳು ಮಡಿಸುತ್ತ ಹೇಳಿದ್ದನ್ನು ನಾನು ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

1988ರಲ್ಲಿ ಡಾಕ್ಟರು ಮತ್ತೆ ಪರೀಕ್ಷಿಸಿದಾಗ ಅಕ್ಕನ ಬಲಗಣ್ಣು ಕನ್ನಡಕದೊಂದಿಗೆ ಹಲಗೆಯ ಕೊನೆಯ ಸಾಲಿಗಿಂತ ಮೇಲಿನ ಸಾಲಿನವರೆಗೆ ಓದಿತು. ಎಡಗಣ್ಣಿಗೆ ಮುಖದ ಮುಂದೆ ಆಡಿಸಿದ ಕೈ ಕಂಡಿತು. ಬೆರಳು ಎಷ್ಟೆಂದು ಹೇಳಲು ಆಗಲಿಲ್ಲ.